ಖಜಾಂಚಿಯ ಸ್ವಂತ ಖಾತೆಗೆ ಕಾಣಿಕೆ ಬೇಡ

ಪ್ರಶ್ನೆ: ನಮ್ಮ ಧಾರ್ಮಿಕ ಸಂಸ್ಥೆಯಲ್ಲಿ ಸಭೆ, ಪ್ರಾರ್ಥನೆ ಎಲ್ಲ ನಿಂತಿವೆ, ಕಾಣಿಕೆ ಡಬ್ಬಿ ಖಾಲಿ. ಆನ್‌ಲೈನ್ ವ್ಯವಸ್ಥೆ ಆಗುವವರೆಗೆ ಖಜಾಂಚಿಯವರ ಸ್ವಂತ ಖಾತೆಯ ಕ್ಯೂಆರ್ ಕೋಡ್ ಹಂಚಬಹುದೇ? ಬಹಳ ನಂಬಿಕಸ್ಥರು.

ಉತ್ತರ: ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ನನ್ನ ಉತ್ತರವೂ ಅದೇ: ಬೇಡ. ನಂಬಿಕಸ್ಥರಾಗಿದ್ದರಂತೂ ಬೇಡವೇ ಬೇಡ. ನಾಳೆ ಗುಸುಗುಸು ಶುರುವಾದರೆ ಮರ್ಯಾದೆ ಹೋಗುವುದು ಅವರದೇ. ಅವರ ಖಾತೆಗೆ ಬಿದ್ದ ಹಣ ಬ್ಯಾಂಕಿನ ಲೆಕ್ಕದಲ್ಲಿ ಅವರದ್ದು. ಅವರ ಸಾಲದ ಕಂತು ಅದರಲ್ಲೇ ಕಡಿತವಾಗುತ್ತದೆ, ತೆರಿಗೆಯವರು ಕೇಳಿದರೆ ಅವರೇ ಲೆಕ್ಕ ಒಪ್ಪಿಸಬೇಕು. ಒಮ್ಮೆಲೇ ಅಪರಿಚಿತರಿಂದ ರಾಶಿ ರಾಶಿ ಸಣ್ಣ ಮೊತ್ತ ಬಂದರೆ ಬ್ಯಾಂಕು ಅನುಮಾನಪಟ್ಟು ಖಾತೆಯನ್ನೇ ತಡೆಹಿಡಿಯಲೂಬಹುದು.

ಸಂಸ್ಥೆಗೆ ಖಾತೆ ಇದೆಯಲ್ಲ? ಅದರ ಹೆಸರು, ಸಂಖ್ಯೆ, ಬ್ಯಾಂಕ್ ಶಾಖೆಯ ಐಎಫ್‌ಎಸ್‌ಸಿ ಕೋಡ್ ಕೊಟ್ಟರೆ ನೇರ ವರ್ಗಾವಣೆ ಇವತ್ತಿನಿಂದಲೇ ಸಾಧ್ಯ. ಅದಕ್ಕೆ ಆ್ಯಪೂ ಬೇಡ, ವೆಬ್‌ಸೈಟೂ ಬೇಡ. ಸಂಸ್ಥೆಯ ಹೆಸರಿನ ಕ್ಯೂಆರ್ ಕೈಗೆ ಬಂದ ಮೇಲೆ ಬೇರೆಯವರ ಫೋನಿನಿಂದ ಸ್ಕ್ಯಾನ್ ಮಾಡಿಸಿ. ಪರದೆಯಲ್ಲಿ ಸಂಸ್ಥೆಯ ಹೆಸರೇ ಬರುತ್ತದೆಯೇ ನೋಡಿ, ಸಣ್ಣ ಮೊತ್ತ ಕಳಿಸಿ, ಅದು ಜಮೆಯಾದ ಮೇಲಷ್ಟೇ ಹಂಚಿ. ಗೇಟಿಗೆ ಅಂಟಿಸಿದ ಕೋಡಿನ ಮೇಲೆ ತಮ್ಮ ಸ್ಟಿಕ್ಕರ್ ಅಂಟಿಸಿ ಹೋಗುವ ಕಳ್ಳರಿದ್ದಾರೆ. ಆಗಾಗ ಅದರ ಅಂಚನ್ನು ಉಗುರಿನಿಂದ ಕೆರೆದು ನೋಡಿ. ಹಣ ಹೊರಗೆ ಹೋಗುವುದಿದ್ದರೆ ಒಬ್ಬರು ನಮೂದಿಸಬೇಕು, ಇನ್ನೊಬ್ಬರು ಒಪ್ಪಿಗೆ ಕೊಡಬೇಕು. ಗಂಡ-ಹೆಂಡತಿಯನ್ನು ಇಬ್ಬರೆಂದು ಲೆಕ್ಕಕ್ಕೆ ಹಿಡಿಯಬೇಡಿ.

ಪ್ರಶ್ನೆ: ನಮ್ಮ ದೇಣಿಗೆ ಪುಟಕ್ಕೆ ನಡುರಾತ್ರಿ ಸಾಲುಸಾಲಾಗಿ ಚಿಲ್ಲರೆ ಮೊತ್ತ ಬರುತ್ತಿದೆ. ದೇವರ ದಯೆಯೇ?

ಉತ್ತರ: ದಯೆಯಲ್ಲ, ಕಳ್ಳತನ. ಕದ್ದ ಕಾರ್ಡು ಇನ್ನೂ ನಡೆಯುತ್ತದೆಯೇ ಎಂದು ನೋಡಲು ದೇಣಿಗೆ ಪುಟದಷ್ಟು ಸಲೀಸಾದ ಜಾಗ ಇನ್ನೊಂದಿಲ್ಲ. ಎಷ್ಟು ಸಣ್ಣ ಮೊತ್ತ ಹಾಕಿದರೂ ಯಾರೂ ಪ್ರಶ್ನಿಸುವುದಿಲ್ಲ. ಕಾರ್ಡಿನವರು ತಕರಾರು ಎತ್ತಿದಾಗ ಹಣವೂ ವಾಪಸ್, ಮೇಲೆ ನಿಮಗೇ ಶುಲ್ಕ. ಕಾರ್ಡಿನ ಹಣವನ್ನು ನಿಮ್ಮ ಖಾತೆಗೆ ತಲುಪಿಸುವ ಪಾವತಿ ಗೇಟ್‌ವೇಯವರಿಗೆ ಈಗಲೇ ತಿಳಿಸಿ, ಅದೇ ಕಾರ್ಡುಗಳಿಗೆ ಹಣ ಮರಳಿಸಿ. ಕನಿಷ್ಠ ಮೊತ್ತ ನಿಗದಿ ಮಾಡಿ, ಹಣ ಹಾಕುತ್ತಿರುವುದು ಯಂತ್ರವಲ್ಲ, ಮನುಷ್ಯರೇ ಎಂದು ಪರೀಕ್ಷಿಸುವ ಕ್ಯಾಪ್ಚಾ ಹಾಕಿಸಿ.

ಪ್ರಶ್ನೆ: ದಾನಿಯೊಬ್ಬರು ತಪ್ಪಿ ಹೆಚ್ಚು ಕಳಿಸಿದ್ದಾರಂತೆ. ಉಳಿದದ್ದನ್ನು ಬೇರೆ ಖಾತೆಗೆ ಹಾಕಿ ಎನ್ನುತ್ತಿದ್ದಾರೆ.

ಉತ್ತರ: ಹಾಕಬೇಡಿ. ಹಣ ನಿಜವಾಗಿ ಜಮೆಯಾಗಿದ್ದರೆ, ಬಂದ ದಾರಿಯಲ್ಲೇ ವಾಪಸ್ ಹೋಗಲಿ.

ಪ್ರಶ್ನೆ: ಆ್ಯಪ್ ಮಾಡಿಸಿದರೆ ದೇಣಿಗೆ ದುಪ್ಪಟ್ಟಾಗುತ್ತದೆ, ತನಗೆ ಕಮಿಷನ್ ಕೊಟ್ಟರೆ ಸಾಕು ಎನ್ನುತ್ತಾನೆ ಏಜೆಂಟ್.

ಉತ್ತರ: ಅವನ ನಂಬರ್ ಬ್ಲಾಕ್ ಮಾಡಿ.

ಪ್ರಶ್ನೆ: ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರು?

ಉತ್ತರ: ಸಂಸ್ಥೆಯ ಹೆಸರಿಗೆ ಚೆಕ್ ಬರೆದು ಅಂಚೆಗೆ ಹಾಕಲಿ. ಅವರ ಪಾಸ್‌ವರ್ಡ್, ಒಟಿಪಿ ಕೇಳಿ 'ಸಹಾಯ' ಮಾಡುವ ಸ್ವಯಂಸೇವಕರಿದ್ದರೆ ಅವರನ್ನು ಆ ಕೆಲಸದಿಂದ ಇಂದೇ ಬಿಡಿಸಿ.