ಮಗ ಹುಷಾರಾಗಿದಾನೆ, ಮಾತ್ರೆ ನಿಲ್ಲಿಸ್ಬಹುದಾ?

ಪ್ರಶ್ನೆ: ಮಗನಿಗೆ 24 ವರ್ಷ. ಕಿವೀಲಿ ಯಾರೋ ಬೈತಾರೆ, ಊಟಕ್ಕೆ ವಿಷ ಹಾಕಿದಾರೆ ಅಂತ ರೂಮ್ ಬಾಗಿಲು ಹಾಕ್ಕೊಂಡು ಕೂತ್ಬಿಟ್ಟಿದ್ದ. ಡಾಕ್ಟ್ರು ಸ್ಕಿಜೋಫ್ರೇನಿಯಾ ಅಂದ್ರು, ರಾತ್ರಿ ಒಲಾಂಜಪಿನ್ 10 ಎಂಜಿ ಕೊಟ್ರು. ಐದು ತಿಂಗಳಾಯ್ತು, ಈಗ ಆರಾಮಾಗಿದಾನೆ, ಆದ್ರೆ 9 ಕೆಜಿ ಜಾಸ್ತಿ ಆಗಿದಾನೆ, ಬೆಳಗ್ಗೆ ಹತ್ತಾದ್ರೂ ಏಳಲ್ಲ. ಭಾವನವ್ರು ಇದು ನಿದ್ದೆ ಮಾತ್ರೆ, ಚಟ ಹತ್ತುತ್ತೆ, ಬಿಡ್ಸಿ ಅಂತಾರೆ. ಆಗಾಗ ಅವನಿಗೆ ಗೊತ್ತಾಗದ ಹಾಗೆ ಸಾರಲ್ಲಿ ಕಲಸಿ ಕೊಟ್ಟಿದ್ದೂ ಉಂಟು.

ಉತ್ತರ: ಈಗ ಬಿಡಿಸ್ಬೇಡಿ ಅಮ್ಮ. ಇದು ನಿದ್ದೆ ಮಾತ್ರೆ ಅಲ್ಲ, ಚಟಾನೂ ಹತ್ತಲ್ಲ, ಮೆದುಳಲ್ಲಿ ಡೋಪಮಿನ್ ಅನ್ನೋ ರಾಸಾಯನಿಕದ ಅಬ್ಬರ ತಗ್ಗಿಸೋ ಮದ್ದು, ನಿದ್ದೆ ಅದರ ಸೈಡ್ ಎಫೆಕ್ಟ್ ಅಷ್ಟೆ. ಮೋಸ ಎಲ್ಲಿ ಅಂದ್ರೆ, ಬಿಟ್ಟ ತಕ್ಷಣ ಏನೂ ಆಗಲ್ಲ, ಕೆಲವು ವಾರ ಚೆನ್ನಾಗೇ ಇರ್ತಾನೆ, ನಾನ್ ಹೇಳಿರ್ಲಿಲ್ವಾ ಅಂತ ಭಾವನವ್ರೂ ಬೀಗ್ತಾರೆ, ಆಮೇಲೆ ನಿದ್ದೆ ಕೆಡುತ್ತೆ, ತಟ್ಟೆ ಮೂಸಿ ನೋಡೋದು ಮತ್ತೆ ಶುರುವಾಗುತ್ತೆ. 2012ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂದ 65 ಟ್ರಯಲ್‌ಗಳ (ರೋಗಿಗಳ ಮೇಲಿನ ಪ್ರಯೋಗ) ಲೆಕ್ಕದಲ್ಲಿ, ಮಾತ್ರೆ ಬಿಟ್ಟವರಲ್ಲಿ ಒಂದು ವರ್ಷದೊಳಗೆ 100ಕ್ಕೆ 64 ಜನಕ್ಕೆ ಕಾಯಿಲೆ ಮರುಕಳಿಸಿತ್ತು, ತಗೊಂಡವರಲ್ಲಿ 27. ಅಂದ್ರೆ ತಗೊಂಡ್ರೂ ಪೂರ್ತಿ ಗ್ಯಾರಂಟಿ ಇಲ್ಲ, ಅದೂ ನಿಜ. ಮೊದಲ ಸಲ ಬಂದಿದ್ರೆ ಹುಷಾರಾದ್ಮೇಲೂ ಕಡಿಮೆ ಅಂದ್ರೆ ಒಂದೆರಡು ವರ್ಷ ಮುಂದುವರ್ಸಿ, ನಿಲ್ಲಿಸೋದಾದ್ರೆ ಡಾಕ್ಟ್ರ ಜೊತೆ ನಿಧಾನಕ್ಕೆ ಇಳಿಸ್ಬೇಕು.

ತೂಕದ ದೂರು ಮಾತ್ರ ನೂರಕ್ಕೆ ನೂರು ಸರಿ, ಅದನ್ನ ಸಹಿಸ್ಕೊಂಡು ಕೂರ್ಬೇಡಿ. ಒಲಾಂಜಪಿನ್ ಈ ವಿಷಯದಲ್ಲಿ ಹೆಸರುವಾಸಿ, ಅನ್ನ ಉಂಡು ಕೈ ತೊಳ್ದ ಮೇಲೂ ಹಸಿವು ಅಂದ್ರೆ, ಅದು ಹುಡುಗನ ಹೊಟ್ಟೆಬಾಕತನ ಅಲ್ಲ. ಶುಗರ್, ಕೊಲೆಸ್ಟ್ರಾಲ್ ಟೆಸ್ಟ್ ಮಾಡ್ಸಿ, ಡೋಸ್ ಇಳಿಸ್ಬಹುದಾ, ಅರಿಪಿಪ್ರಜೋಲ್ ಥರ ತೂಕ ಅಷ್ಟಾಗಿ ಏರಿಸದ ಮಾತ್ರೆಗೆ ಬದಲಾಯಿಸ್ಬಹುದಾ, ತೂಕ ತಡೆಯೋಕೆ ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆ ಸೇರಿಸ್ಬಹುದಾ ಅಂತ ನೇರ ಕೇಳಿ. ಹನ್ನೊಂದಕ್ಕೆ ನುಂಗ್ತಿದ್ರೆ ಎಂಟಕ್ಕೆ ನುಂಗಿದ್ರೆ ಬೆಳಗ್ಗೆ ಬೇಗ ಎದ್ದಾನು, ಅದನ್ನೂ ಕೇಳ್ಕೊಳ್ಳಿ. ಬೀಡಿ ಸಿಗರೇಟು ಸೇದ್ತಾನಾ? ಹೊಗೆ ಈ ಮದ್ದಿನ ಮಟ್ಟ ಇಳಿಸುತ್ತೆ, ಸೇದೋದು ದಿಢೀರ್ ಬಿಟ್ರೆ ಏರುತ್ತೆ, ಹಂಗಾಗಿ ಡಾಕ್ಟ್ರ ಹತ್ರ ಮುಚ್ಚಿಡ್ಬೇಡಿ. ಊರಲ್ಲಿ ಸೈಕಿಯಾಟ್ರಿಸ್ಟ್ ಇಲ್ಲ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಗೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.

ಸಾರಲ್ಲಿ ಕಲಸೋದು ಇವತ್ತಿಗೇ ಸಾಕು. ಊಟಕ್ಕೆ ಏನೋ ಹಾಕ್ತಾರೆ ಅನ್ನೋದೇ ಅವನ ಭಯ ಆಗಿತ್ತಲ್ವಾ, ತಟ್ಟೆ ತಳದಲ್ಲಿ ಕರಗದ ಚೂರು ಕಂಡ್ರೆ ಆ ಭಯಕ್ಕೆ ನೀವೇ ಸಾಕ್ಷಿ ಕೊಟ್ಟ ಹಾಗಾಗುತ್ತೆ. ಕೈಗೆ ಕೊಡಿ, ಹೆಸರು ಹೇಳಿ ಕೊಡಿ, ದಿನಾ ನುಂಗೋಕೆ ಬೇಜಾರು ಅಂದ್ರೆ ತಿಂಗಳಿಗೊಂದು ಇಂಜೆಕ್ಷನ್ ತಗೊಳೋ ದಾರಿನೂ ಇದೆ, ಬೇಕಾ ಅಂತ ಅವನನ್ನೇ ಕೇಳಿ.