ಮೆಣಸಿನ ಕಾಳಿಗೆ ಯಾವ ಊರು? ನೆರೆದೇಶಗಳ ಒಪ್ಪಂದ ಕುರಿತು ಓದುಗರ ಪ್ರಶ್ನೆಗಳು

ಈ ಸಂಚಿಕೆಗೆಂದು ಮೈಸೂರು, ಮಂಡ್ಯ ಭಾಗದಿಂದ ಬಂದ ಪತ್ರಗಳಲ್ಲಿ ಐದು, ನಮ್ಮ ದೇಶ ನೆರೆಯ ದೇಶಗಳೊಂದಿಗೆ ಮಾಡಿಕೊಂಡ ವ್ಯಾಪಾರ ಹಾಗೂ ಸಹಕಾರ ಒಪ್ಪಂದಗಳನ್ನೇ ಕುರಿತಿದ್ದವು. ಹಾಗಾಗಿ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಕೈಬಿಡಲಾಗಿದೆ.

ಪ್ರಶ್ನೆ: ನಮ್ಮದು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ಕೊಡಗಿನ ಗಡಿಗೆ ಹೊಂದಿಕೊಂಡ ತೋಟ. ಸಿಲ್ವರ್ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಬೆಲೆ ಬಿದ್ದಾಗಲೆಲ್ಲ ‘ಶ್ರೀಲಂಕಾದಿಂದ ಮಾಲು ಬಂದಿದೆ’ ಎನ್ನುತ್ತಾರೆ ವ್ಯಾಪಾರಿಗಳು. ಅಷ್ಟು ಚಿಕ್ಕ ದೇಶದ ಮೆಣಸು ನಮ್ಮ ಬೆಲೆಯನ್ನು ಇಳಿಸುತ್ತದೆಯೇ? ಸರ್ಕಾರ ಸುಂಕ ಹಾಕಿ ಅದನ್ನು ತಡೆಯಬಾರದೇಕೆ?

ಉತ್ತರ: ನಿಮ್ಮ ಪ್ರಶ್ನೆಗೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸಬೇಕು, ಏಕೆಂದರೆ ಇಂತಹ ಒಪ್ಪಂದಗಳ ಬಹುಪಾಲು ಗೊಂದಲ ನಿಮ್ಮ ಮೆಣಸಿನ ಕಾಳಿನಲ್ಲೇ ಅಡಗಿದೆ.

ಭಾರತ ಮತ್ತು ಶ್ರೀಲಂಕಾ 1998ರ ಡಿಸೆಂಬರ್ 28ರಂದು ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು. ಅದು 2000ದ ಮಾರ್ಚ್‌ನಲ್ಲಿ ಜಾರಿಗೆ ಬಂತು. ‘ಮುಕ್ತ’ ಎಂಬ ಮಾತಿದ್ದರೂ ಎಲ್ಲ ಸರಕಿಗೂ ಬಾಗಿಲು ತೆರೆದಿರಲಿಲ್ಲ. ಸುಂಕ ಇಳಿಸಲು ಒಪ್ಪದ ಸರಕುಗಳ ಪಟ್ಟಿಯೊಂದನ್ನು ಎರಡೂ ದೇಶಗಳು ಇಟ್ಟುಕೊಂಡವು. ಆರಂಭದಲ್ಲಿ ಭಾರತದ ಪಟ್ಟಿಯಲ್ಲಿ 429 ಸರಕುಗಳಿದ್ದರೆ ಶ್ರೀಲಂಕಾದ ಪಟ್ಟಿಯಲ್ಲಿ 1,180 ಇದ್ದವು. ಚಿಕ್ಕ ದೇಶಕ್ಕೆ ಹೆಚ್ಚು ರಕ್ಷಣೆ ಬೇಕೆಂಬ ತಿಳಿವಳಿಕೆ ಅದರ ಹಿಂದಿತ್ತು, ಅದು ನ್ಯಾಯವೂ ಆಗಿತ್ತು. ಆದರೆ ಮೆಣಸಿಗೆ ನಮ್ಮಲ್ಲಿ ಅಂತಹ ಪೂರ್ಣ ರಕ್ಷಣೆ ಸಿಗಲಿಲ್ಲ. ಬೇರೆ ದೇಶದ ಮೆಣಸಿಗೆ ಸಾಮಾನ್ಯವಾಗಿ ಶೇ 70ರಷ್ಟು ಆಮದು ಸುಂಕವಿದ್ದಾಗ, ಈ ಒಪ್ಪಂದದಡಿ ಶ್ರೀಲಂಕಾದಿಂದ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದಾಗಿತ್ತು. ಅದಕ್ಕಿಂತ ಹೆಚ್ಚಿನದು ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ ಒಪ್ಪಂದವಾದ ಸಾಫ್ಟಾದ ಅಡಿಯಲ್ಲಿ ಶೇ 8ರ ಸುಂಕ ಕಟ್ಟಿ ಬರಬಹುದಾಗಿತ್ತು.

ಶೇ 70 ಮತ್ತು ಶೇ 8ರ ನಡುವಿನ ಈ ಅಂತರವೇ ಮೂಲ ಸಮಸ್ಯೆ. ಜಗತ್ತಿನಲ್ಲಿ ಅತಿ ಹೆಚ್ಚು ಮೆಣಸು ಬೆಳೆಯುವ ವಿಯೆಟ್ನಾಂನಿಂದ ನೇರವಾಗಿ ತರಿಸಿದರೆ ಭಾರಿ ಸುಂಕ. ಅದೇ ಮಾಲು ಕೊಲಂಬೊದಲ್ಲಿ ಇಳಿದು, ಶ್ರೀಲಂಕಾದ್ದೆಂಬ ಕಾಗದ ಹೊತ್ತು ಬಂದರೆ ಅಲ್ಪ ಸುಂಕ. ಹೀಗೆ ಬರುತ್ತಿದೆ ಎಂಬುದು ನಮ್ಮ ಬೆಳೆಗಾರರ ಸಂಘಟನೆಗಳ ಬಹುಕಾಲದ ದೂರು. ಆದ್ದರಿಂದ ನಿಮ್ಮ ವ್ಯಾಪಾರಿ ‘ಶ್ರೀಲಂಕಾದ ಮಾಲು’ ಎಂದಾಗ, ಅದು ಆ ದೇಶದ ಮಾತಲೆಯ ಬೆಳೆಗಾರನೊಬ್ಬ ಬೆಳೆದದ್ದೇ ಆಗಿರಬೇಕೆಂದಿಲ್ಲ. ಶ್ರೀಲಂಕಾದ ಮೆಣಸು ಖಾರಕ್ಕೆ ಹೆಸರಾದದ್ದು, ಅಲ್ಲಿಯೂ ನಿಮ್ಮಂತಹ ಸಣ್ಣ ಬೆಳೆಗಾರರೇ ಹೆಚ್ಚು. ಬೇರೆಯವರ ಮಾಲು ಅವರ ಹೆಸರಿನಲ್ಲಿ ಸಾಗಿದರೆ ಅವರಿಗೂ ನಷ್ಟವೇ.

ಇದನ್ನು ತಡೆಯಲೆಂದೇ ಪ್ರತಿ ಒಪ್ಪಂದದ ಅನುಬಂಧದಲ್ಲಿ ‘ಮೂಲದ ನಿಯಮ’ ಎಂಬ ಅಧ್ಯಾಯ ಇರುತ್ತದೆ. ಕಾರ್ಖಾನೆಯ ಸರಕಾದರೆ ಅದರ ಬೆಲೆಯಲ್ಲಿ ಇಂತಿಷ್ಟು ಭಾಗ ಆ ದೇಶದಲ್ಲೇ ಸೇರಿರಬೇಕು. ಭಾರತ–ಶ್ರೀಲಂಕಾ ಒಪ್ಪಂದದಲ್ಲಿ ಅದು ಕನಿಷ್ಠ ಶೇ 35. ಮೆಣಸಿನಂತಹ ಫಸಲಾದರೆ ಅದು ಅಲ್ಲಿಯ ನೆಲದಲ್ಲೇ ಬೆಳೆದಿರಬೇಕು. ಇದಕ್ಕೆ ಸಾಕ್ಷಿಯಾಗಿ ರಫ್ತು ಮಾಡುವ ದೇಶದ ಅಧಿಕೃತ ಸಂಸ್ಥೆ ‘ಮೂಲ ಪ್ರಮಾಣಪತ್ರ’ ಕೊಡುತ್ತದೆ. ಮೈಸೂರಿನ ಸಂತೆಪೇಟೆಯ ಮಂಡಿಯೊಂದರಲ್ಲಿ ಒಮ್ಮೆ ವ್ಯಾಪಾರಿಯೊಬ್ಬರು ಎರಡು ತಟ್ಟೆಗಳಲ್ಲಿ ಮೆಣಸು ಸುರಿದು ನನ್ನ ಮುಂದಿಟ್ಟು, ಯಾವುದು ಕೊಡಗಿನದು ಹೇಳಿ ಎಂದರು. ಅಂಗೈಯಲ್ಲಿ ಉರುಳಿಸಿ ನೋಡಿದೆ, ಒಂದೆರಡು ಕಾಳು ಕಡಿದೂ ನೋಡಿದೆ, ನನಗೆ ತಿಳಿಯಲಿಲ್ಲ. ಅವರು ಒಂದು ಲೀಟರಿನ ಅಳತೆ ಪಾತ್ರೆಗೆ ಒಂದೊಂದನ್ನೂ ತುಂಬಿ ತೂಗಿ, ತೂಕದಿಂದ ಕಾಳಿನ ಗಟ್ಟಿತನವನ್ನು ಹೇಳಿದರು. ಊರನ್ನು ಅವರೂ ಖಚಿತವಾಗಿ ಹೇಳಲಾರೆನೆಂದರು. ಕಾಳು ತನ್ನ ಊರನ್ನು ಹೇಳುವುದಿಲ್ಲ, ಕಾಗದ ಹೇಳಬೇಕು. ಆ ಕಾಗದವನ್ನು ಪರೀಕ್ಷಿಸುವ ಶಕ್ತಿ ನಮ್ಮ ಬಂದರಿನಲ್ಲಿ ಎಷ್ಟಿದೆಯೋ ಒಪ್ಪಂದ ನಿಮ್ಮನ್ನು ಅಷ್ಟು ಮಾತ್ರ ಕಾಯುತ್ತದೆ.

ಈ ವಿಷಯದಲ್ಲಿ ಸರ್ಕಾರ ಕೈಕಟ್ಟಿ ಕುಳಿತಿಲ್ಲ. 2017ರ ಡಿಸೆಂಬರ್‌ನಲ್ಲಿ ಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆಯನ್ನು ನಿಗದಿಪಡಿಸಿತು. 2018ರ ಮಾರ್ಚ್‌ನಲ್ಲಿ ಅದಕ್ಕಿಂತ ಕಡಿಮೆ ಬೆಲೆಯ ಆಮದನ್ನು ನಿಷೇಧಿಸಿತು. ಆದರೆ ಬಿಲ್ಲಿನಲ್ಲಿ ಬೆಲೆಯನ್ನು ಏರಿಸಿ ಬರೆದರೆ ಈ ಬೇಲಿಯನ್ನು ದಾಟಬಹುದು, ಮರುರಫ್ತಿಗೆಂದು ತರಿಸುವ ಮಾಲಿಗೆ ವಿನಾಯಿತಿಯೂ ಇದೆ. ಹಾಗಾಗಿ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು 2020ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ಸುಂಕ ನಿಯಮಗಳು. ಅದುವರೆಗೆ ಆಮದುದಾರ ಪ್ರಮಾಣಪತ್ರ ತೋರಿಸಿದರೆ ಬಹುಮಟ್ಟಿಗೆ ಸಾಕಾಗುತ್ತಿತ್ತು. ಈಗ ಸರಕು ನಿಜವಾಗಿ ಆ ದೇಶದ್ದೇ ಎಂಬುದಕ್ಕೆ ಬೇಕಾದ ಮಾಹಿತಿಯನ್ನು ಆತನೇ ಮೊದಲು ಸಂಗ್ರಹಿಸಿ ಇಟ್ಟುಕೊಂಡಿರಬೇಕು, ಅಧಿಕಾರಿ ಕೇಳಿದಾಗ ಒದಗಿಸಬೇಕು, ಒದಗಿಸದಿದ್ದರೆ ಸುಂಕದ ರಿಯಾಯಿತಿ ತಪ್ಪುತ್ತದೆ.

ಇದು ಮೆಣಸಿನದಷ್ಟೇ ಕಥೆಯಲ್ಲ. ತಾಳೆಯನ್ನು ಬೆಳೆಯದ ನೇಪಾಳದಿಂದ 2019ರಲ್ಲಿ ಸಂಸ್ಕರಿಸಿದ ತಾಳೆ ಎಣ್ಣೆ ಸಾಫ್ಟಾದ ರಿಯಾಯಿತಿಯಲ್ಲಿ ನಮ್ಮಲ್ಲಿಗೆ ಹರಿದುಬಂತು; ಬೇರೆಡೆಯಿಂದ ಕಚ್ಚಾ ಎಣ್ಣೆ ತರಿಸಿ, ಸಂಸ್ಕರಿಸಿ, ಗಡಿ ದಾಟಿಸುವ ವ್ಯಾಪಾರ ಅದು. 2020ರ ಜನವರಿಯಲ್ಲಿ ಭಾರತ ಸಂಸ್ಕರಿಸಿದ ತಾಳೆ ಎಣ್ಣೆಯ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಬೇಕಾಯಿತು.

ಇನ್ನು ಸುಂಕ ಹಾಕಿ ತಡೆಯಬಾರದೇಕೆ ಎಂಬ ಪ್ರಶ್ನೆ. ಕೊಟ್ಟ ಮಾತನ್ನು ಒಂದು ದೇಶ ತನ್ನಿಷ್ಟಕ್ಕೆ ಮುರಿದರೆ, ಅದೇ ಒಪ್ಪಂದದಡಿ ತನ್ನ ರಫ್ತುದಾರರಿಗೆ ಸಿಕ್ಕ ಅನುಕೂಲವನ್ನೂ ಕಳೆದುಕೊಳ್ಳಬೇಕಾಗುತ್ತದೆ. ಆಮದು ಒಮ್ಮೆಲೇ ಏರಿ ಇಲ್ಲಿಯ ಬೆಳೆಗಾರರಿಗೆ ಗಂಭೀರ ಹಾನಿಯಾದಾಗ ರಿಯಾಯಿತಿಯನ್ನು ತಾತ್ಕಾಲಿಕವಾಗಿ ತಡೆಹಿಡಿಯುವ ಅವಕಾಶ ಒಪ್ಪಂದದಲ್ಲೇ ಇದೆ. ಹಾನಿಯನ್ನು ಅಂಕಿಅಂಶಗಳೊಂದಿಗೆ ತೋರಿಸಬೇಕಾದ ಭಾರ ಬೆಳೆಗಾರರ ಮೇಲೆ ಬೀಳುತ್ತದೆ. ನಿಮ್ಮ ಸಂಘದಲ್ಲಿ ಪ್ರತಿ ತಿಂಗಳ ಮಾರಾಟದ ಬೆಲೆ ಮತ್ತು ತೂಕವನ್ನು ಬರೆದಿಡುವ ಪದ್ಧತಿ ಇಲ್ಲದಿದ್ದರೆ ಈ ಕೊಯ್ಲಿನಿಂದಲೇ ಆರಂಭಿಸಿ.

ಪ್ರಶ್ನೆ: ನೇಪಾಳಕ್ಕೆ ಹೋಗುವ ಸರಕು ನಮ್ಮ ನೆಲದ ಮೇಲೆ ಹಾದುಹೋಗಲು ನಾವು ಬಿಡಲೇಬೇಕೆ? ಇದು ಉಪಕಾರವೋ, ಕರ್ತವ್ಯವೋ? (ಮೈಸೂರಿನ ಕಾಲೇಜು ವಿದ್ಯಾರ್ಥಿನಿ)

ಉತ್ತರ: ಕರ್ತವ್ಯವೇ. ಕಡಲಿಲ್ಲದ ದೇಶದ ಸರಕಿಗೆ ನೆರೆಯ ದೇಶ ದಾರಿ ಬಿಡಬೇಕೆಂಬುದನ್ನು ಅಂತರರಾಷ್ಟ್ರೀಯ ವ್ಯಾಪಾರದ ನಿಯಮಗಳೂ ಸಮುದ್ರ ಕಾನೂನಿನ ಒಡಂಬಡಿಕೆಯೂ ಒಪ್ಪಿವೆ. ಆದರೆ ಯಾವ ರಸ್ತೆ, ಯಾವ ಬಂದರು, ಯಾವ ತಪಾಸಣೆ ಎಂಬುದೆಲ್ಲ ಎರಡು ದೇಶಗಳ ನಡುವಿನ ಒಪ್ಪಂದದಲ್ಲಿ ತೀರ್ಮಾನವಾಗುತ್ತದೆ, ತೊಡಕುಗಳು ಹುಟ್ಟುವುದೂ ಅಲ್ಲಿಯೇ. ಮೈಸೂರಿನವರಿಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಾಗಬಾರದು. 1956ರ ಏಕೀಕರಣದವರೆಗೆ ಮೈಸೂರು ರಾಜ್ಯಕ್ಕೂ ಕಡಲತೀರವಿರಲಿಲ್ಲ. ನಮ್ಮ ಮಲೆನಾಡಿನ ಕಾಫಿ ಘಟ್ಟ ಇಳಿದು, ಅಂದು ಮದ್ರಾಸಿನ ಆಡಳಿತದಲ್ಲಿದ್ದ ಮಂಗಳೂರಿನಲ್ಲಿ ಹಡಗು ಹತ್ತುತ್ತಿತ್ತು.

ನೇಪಾಳದೊಂದಿಗೆ ನಮ್ಮ ಮೊದಲ ವ್ಯಾಪಾರ ಒಪ್ಪಂದ 1950ರದು. 1978ರಲ್ಲಿ ವ್ಯಾಪಾರಕ್ಕೊಂದು, ಸರಕು ಸಾಗಣೆಗೊಂದು ಎಂದು ಬೇರೆಬೇರೆ ಒಪ್ಪಂದಗಳಾದವು. 1989ರ ಮಾರ್ಚ್‌ನಲ್ಲಿ ಅವುಗಳ ಅವಧಿ ಮುಗಿದು, ನವೀಕರಣದ ಮಾತುಕತೆ ಮುರಿದಾಗ, ಎರಡನ್ನು ಬಿಟ್ಟು ಉಳಿದ ಗಡಿದ್ವಾರಗಳನ್ನು ಭಾರತ ಮುಚ್ಚಿತು. ಸೀಮೆಎಣ್ಣೆ, ಉಪ್ಪಿಗೂ ಅಲ್ಲಿ ತತ್ವಾರವಾಯಿತು. 2015ರ ಭೂಕಂಪದ ಬೆನ್ನಿಗೆ, ಹೊಸ ಸಂವಿಧಾನದ ವಿವಾದದ ನಡುವೆ ಗಡಿಯಲ್ಲಿ ಸರಕು ತಿಂಗಳುಗಟ್ಟಲೆ ನಿಂತಿತು. ಅದಕ್ಕೆ ಗಡಿಯಾಚೆಯ ಚಳವಳಿಯೇ ಕಾರಣವೆಂದು ಭಾರತ ಹೇಳಿತು, ನೇಪಾಳದ ಜನ ಅದನ್ನು ನಂಬಲಿಲ್ಲ. 2016ರ ಮಾರ್ಚ್‌ನಲ್ಲಿ ನೇಪಾಳ ಚೀನಾದೊಂದಿಗೆ ಸಾಗಣೆ ಒಪ್ಪಂದಕ್ಕೆ ಸಹಿ ಹಾಕಿತು. ಒಲೆ ಹಚ್ಚಲು ಗ್ಯಾಸ್ ಇಲ್ಲದೆ ಕಳೆದ ಚಳಿಗಾಲವನ್ನು ಒಂದು ಜನಾಂಗ ಬೇಗ ಮರೆಯುವುದಿಲ್ಲ. ಬಿಹಾರದ ಮೋತಿಹಾರಿಯಿಂದ ನೇಪಾಳದ ಅಮ್ಲೇಖ್‌ಗಂಜ್‌ಗೆ 69 ಕಿಲೋಮೀಟರ್ ಉದ್ದದ ಪೆಟ್ರೋಲಿಯಂ ಕೊಳವೆ ಮಾರ್ಗ 2019ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾದದ್ದನ್ನು ಕಂಡು ನನಗೆ ಸಮಾಧಾನವಾದದ್ದು ಈ ಕಾರಣಕ್ಕೆ.

ಪ್ರಶ್ನೆ: ‘ಅತ್ಯಂತ ಮೆಚ್ಚಿನ ರಾಷ್ಟ್ರ’ ಎಂಬ ಸ್ಥಾನವನ್ನು ಪಾಕಿಸ್ತಾನಕ್ಕೆ ಭಾರತ ಏಕೆ ಕೊಟ್ಟಿತ್ತು? (ನಂಜನಗೂಡು)

ಉತ್ತರ: ಹೆಸರು ದಾರಿ ತಪ್ಪಿಸುತ್ತದೆ. ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯರು ಪರಸ್ಪರ ಕೊಡಲೇಬೇಕಾದ ಸಮಾನ ನಡವಳಿಕೆಗೆ ಆ ಹೆಸರು. ಅದರಲ್ಲಿ ವಿಶೇಷ ಮಮತೆ ಏನೂ ಇಲ್ಲ. ಭಾರತ 1996ರಲ್ಲಿ ಅದನ್ನು ಪಾಕಿಸ್ತಾನಕ್ಕೆ ಕೊಟ್ಟಿತು, ಪಾಕಿಸ್ತಾನ ಮರಳಿ ಕೊಡಲಿಲ್ಲ. 2019ರ ಫೆಬ್ರುವರಿಯಲ್ಲಿ ಪುಲ್ವಾಮಾ ದಾಳಿಯ ನಂತರ ಭಾರತ ಅದನ್ನು ಹಿಂಪಡೆದು ಶೇ 200ರ ಸುಂಕ ವಿಧಿಸಿತು.

ಪ್ರಶ್ನೆ: ಕಾವೇರಿ ಒಪ್ಪಂದದಿಂದ ನೊಂದ ಮಂಡ್ಯದವನು ನಾನು. ದೇಶ ದೇಶಗಳ ನಡುವಿನ ನದಿ ಒಪ್ಪಂದಗಳು ನಮ್ಮದಕ್ಕಿಂತ ಉತ್ತಮವೇ? (ನಿವೃತ್ತ ಶಿಕ್ಷಕರು, ಮಂಡ್ಯ)

ಉತ್ತರ: ಮಳೆಗಾಲದಲ್ಲಿ ಪತ್ರಿಕೆ ಬಿಡಿಸಿದೊಡನೆ ಕನ್ನಂಬಾಡಿಯ ನೀರಿನ ಮಟ್ಟವನ್ನೇ ಮೊದಲು ನೋಡುವ ಜನರ ನಡುವಿನಿಂದ ಈ ಪ್ರಶ್ನೆ ಬಂದಿದೆ, ಅದರ ಹಿಂದಿನ ನೋವನ್ನು ನಾನು ಬಲ್ಲೆ. ಮೈಸೂರು ಮತ್ತು ಮದ್ರಾಸಿನ ನಡುವೆ 1892ರಲ್ಲಿ ಒಂದು, 1924ರಲ್ಲಿ ಇನ್ನೊಂದು ಒಪ್ಪಂದವಾಯಿತು. ಎರಡನೆಯದರ ಕೆಲವು ಅಂಶಗಳನ್ನು ಐವತ್ತು ವರ್ಷಗಳ ನಂತರ ಮರುಪರಿಶೀಲಿಸಬೇಕೆಂದಿತ್ತು. 1974ರಲ್ಲಿ ಒಪ್ಪಂದವೇ ಮುಗಿಯಿತೆಂದು ಕರ್ನಾಟಕ, ಆ ಅಂಶಗಳಷ್ಟೇ ಮರುಪರಿಶೀಲನೆಗೆ ಒಳಪಟ್ಟವೆಂದು ತಮಿಳುನಾಡು ವಾದಿಸಿದವು. ಐವತ್ತು ವರ್ಷಗಳ ನಂತರ ಅದು ಮುಗಿದಿತ್ತೆಂದು ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ 2018ರ ಫೆಬ್ರುವರಿ 16 ಬಂದಿತ್ತು. ಅವಧಿ ತೀರಿದ ಮರುದಿನ ಏನಾಗಬೇಕೆಂಬುದನ್ನು ಬರೆದಿಡದ ಕಾರಣಕ್ಕೆ ಎರಡು ತಲೆಮಾರು ಬೆಲೆ ತೆತ್ತವು.

1960ರ ಸೆಪ್ಟೆಂಬರ್ 19ರಂದು ಕರಾಚಿಯಲ್ಲಿ ನೆಹರೂ ಮತ್ತು ಅಯೂಬ್ ಖಾನ್ ಸಹಿ ಮಾಡಿದ ಸಿಂಧೂ ಜಲ ಒಪ್ಪಂದ ಆ ದೃಷ್ಟಿಯಿಂದ ಜಾಣತನದ ಬರವಣಿಗೆ. ಅದು ನೀರನ್ನು ಹಂಚದೆ ನದಿಗಳನ್ನೇ ಹಂಚಿತು: ರಾವಿ, ಬಿಯಾಸ್, ಸಟ್ಲೆಜ್ ಭಾರತಕ್ಕೆ; ಸಿಂಧೂ, ಝೇಲಂ, ಚಿನಾಬ್ ಬಹುಪಾಲು ಪಾಕಿಸ್ತಾನಕ್ಕೆ. ಮುಕ್ತಾಯದ ದಿನಾಂಕ ಇಡಲಿಲ್ಲ. ಎರಡೂ ಕಡೆಯ ಆಯುಕ್ತರು ನಿಯಮಿತವಾಗಿ ಸೇರುವ ಕಾಯಂ ಆಯೋಗವಿತ್ತು, ಜಗಳ ಬಂದರೆ ಯಾರ ಬಳಿ ಹೋಗಬೇಕೆಂಬ ಮೆಟ್ಟಿಲುಗಳಿದ್ದವು. 1965, 1971, 1999ರ ಯುದ್ಧಗಳಲ್ಲೂ ಅದು ಮುರಿಯಲಿಲ್ಲ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ನಂತರ ಭಾರತ ಅದನ್ನು ಅಮಾನತಿನಲ್ಲಿಟ್ಟಿತು. ಬರವಣಿಗೆ ಎಷ್ಟೇ ಗಟ್ಟಿಯಾಗಿದ್ದರೂ ನೆರೆಹೊರೆಯ ನಂಬಿಕೆ ಸತ್ತಾಗ ಒಪ್ಪಂದ ನಿಲ್ಲುವುದು ಕಷ್ಟ. ಬಾಂಗ್ಲಾದೇಶದೊಂದಿಗಿನ ಗಂಗಾ ಜಲ ಒಪ್ಪಂದ 1996ರ ಡಿಸೆಂಬರ್ 12ರದು, ಅವಧಿ ಮೂವತ್ತು ವರ್ಷ; 2026ರ ಡಿಸೆಂಬರ್‌ಗೆ ಅದು ತುಂಬುತ್ತದೆ. 1974ರ ಅನುಭವವುಳ್ಳ ಮಂಡ್ಯದವರು ಆ ನವೀಕರಣವನ್ನು ಆಸಕ್ತಿಯಿಂದ ಗಮನಿಸಬೇಕೆಂದು ನನ್ನ ಕೋರಿಕೆ.

ಪ್ರಶ್ನೆ: ಬೆಳೆಯುವವರು ನಾವು, ಸಹಿ ಹಾಕುವವರು ದೆಹಲಿಯವರು. ರಾಜ್ಯ ಸರ್ಕಾರವನ್ನು ಕೇಳಲೇಬೇಕೆಂಬ ನಿಯಮವಿಲ್ಲವೇ? (ಮದ್ದೂರಿನ ಆಲೆಮನೆ ಮಾಲೀಕರು)

ಉತ್ತರ: ಇಲ್ಲ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೇಂದ್ರ ಪಟ್ಟಿಯ 14ನೇ ನಮೂದು ವಿದೇಶಿ ಒಪ್ಪಂದಗಳು. ರಾಜ್ಯ ಪಟ್ಟಿಯ 14ನೇ ನಮೂದು ಕೃಷಿ. ಎರಡೂ ಎದುರಾದಾಗ, 253ನೇ ವಿಧಿಯ ಪ್ರಕಾರ ಒಪ್ಪಂದವನ್ನು ಜಾರಿಗೊಳಿಸಲು ರಾಜ್ಯದ ವಿಷಯದಲ್ಲೂ ಸಂಸತ್ತು ಕಾನೂನು ಮಾಡಬಹುದು. ಸಹಿಗೆ ಮೊದಲು ಸಂಸತ್ತಿನ ಒಪ್ಪಿಗೆಯೂ ಕಡ್ಡಾಯವಲ್ಲ. ಇದು ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಒಂದು ಬೆಳೆಯ ಸುಂಕ ಇಳಿಸುವ ಮುನ್ನ ಅದನ್ನು ಬೆಳೆಯುವ ರಾಜ್ಯದ ಮಾತನ್ನು ಕೇಳುವುದು ಕಾನೂನಿನ ಕಡ್ಡಾಯವಾಗಬೇಕು. ಕೇಳುವಂತೆ ಮಾಡಲು ಸಾಧ್ಯವಿದೆ: ಹಾಲು ಉತ್ಪಾದಕರು ಮತ್ತು ರೈತ ಸಂಘಟನೆಗಳು ದೇಶದಾದ್ಯಂತ ವಿರೋಧಿಸಿದ, ಏಷ್ಯಾ–ಪೆಸಿಫಿಕ್ ದೇಶಗಳ ಮುಕ್ತ ವ್ಯಾಪಾರ ಒಪ್ಪಂದವಾದ ಆರ್‌ಸಿಇಪಿಯಿಂದ 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ಹಿಂದೆ ಸರಿಯಿತು.

ಜಾರಿಯಲ್ಲಿರುವ ಒಪ್ಪಂದಗಳ ಪಠ್ಯ ಮತ್ತು ಅನುಬಂಧಗಳು ಕೇಂದ್ರ ವಾಣಿಜ್ಯ ಇಲಾಖೆಯ ಜಾಲತಾಣದಲ್ಲಿ ಯಾರಿಗಾದರೂ ಸಿಗುತ್ತವೆ. ಅನುಬಂಧದಲ್ಲಿ ಸರಕುಗಳು ಹೆಸರಿಗಿಂತ ಹೆಚ್ಚಾಗಿ ಸಂಖ್ಯೆಯಿಂದ ಗುರುತಾಗುತ್ತವೆ: ಕಾಳುಮೆಣಸು 0904, ಸಕ್ಕರೆ ಮತ್ತು ಬೆಲ್ಲ 1701, ಕಚ್ಚಾ ರೇಷ್ಮೆ 5002, ಅಗರಬತ್ತಿ 3307. ಇಂಗ್ಲಿಷ್‌ನಲ್ಲಿರುವ ಆ ಪುಟಗಳನ್ನು ಓದಲು ತೊಡಕಾದವರು ತಮ್ಮ ಬೆಳೆ ಯಾವುದು, ಯಾವ ದೇಶದ ಮಾಲಿನ ಬಗ್ಗೆ ಚಿಂತೆ ಎಂಬುದನ್ನು ಬರೆದು ಕಳುಹಿಸಿದರೆ, ಆ ಸಾಲು ಏನು ಹೇಳುತ್ತದೆಂಬುದನ್ನು ಕನ್ನಡದಲ್ಲಿ ಈ ಅಂಕಣದಲ್ಲೇ ತಿಳಿಸುತ್ತೇನೆ.