ಎಚ್‌ಓಡಿ ಹೆಸರು, ಆರು ಸೈಟೇಷನ್, ಗೈಡ್ ಕೊಟ್ಟ ರಿವ್ಯೂ: ಯಾವುದಕ್ಕೆ ಹೂಂ ಅನ್ನಬಹುದು?

ಪಿಎಚ್‌ಡಿ ಮಾಡುತ್ತಿರುವ ನೀವು ಕೇಳಿದ್ದು ಮೂರು. ಕೆಲಸದಲ್ಲಿ ಪಾಲಿಲ್ಲದ ಎಚ್‌ಓಡಿ (ವಿಭಾಗದ ಮುಖ್ಯಸ್ಥರ) ಹೆಸರನ್ನೂ ಪೇಪರಿಗೆ ಸೇರಿಸು ಅಂತ ಗೈಡ್ ಹೇಳುತ್ತಿದ್ದಾರೆ. ಜರ್ನಲ್ ಪರವಾಗಿ ನಿಮ್ಮ ಪೇಪರ್ ಪರಿಶೀಲಿಸುವ ರಿವ್ಯೂವರ್ ಒಬ್ಬರು ಒಬ್ಬರೇ ಲೇಖಕರ ಆರು ಪೇಪರ್‌ಗಳನ್ನು ಸೈಟ್ ಮಾಡಿ (ಉಲ್ಲೇಖಿಸಿ) ಅಂದಿದ್ದಾರೆ. ತಮಗೆ ರಿವ್ಯೂಗೆ ಬಂದ ಹಸ್ತಪ್ರತಿಯನ್ನು ಗೈಡ್ ನಿಮಗೆ ಕೊಟ್ಟು "ನೀನೇ ಬರೆದುಬಿಡು" ಅಂದಿದ್ದಾರೆ. ಮೂರಕ್ಕೂ ನಾನು ಹಿಡಿಯುವ ಅಳತೆ ಒಂದೇ: ಎಡಿಟರ್‌ಗೆ ಮೇಲ್‌ನಲ್ಲಿ ಬರೆದು ತಿಳಿಸಲು ಕೈ ಹಿಂದೇಟು ಹಾಕುವುದಾದರೆ, ಆ ಕೆಲಸ ಬೇಡ.

ಮೊದಲು ಹೆಸರಿನ ವಿಷಯ. ವೈದ್ಯಕೀಯ ಮತ್ತು ಜೀವವಿಜ್ಞಾನದ ಬಹಳಷ್ಟು ಜರ್ನಲ್‌ಗಳು ಐಸಿಎಂಜೆಇ (ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ) ನಿಯಮ ಪಾಲಿಸುತ್ತವೆ. ಅದರಲ್ಲಿ ನಾಲ್ಕು ಷರತ್ತುಗಳಿವೆ: ಕೆಲಸದ ಯೋಜನೆಯಲ್ಲೋ, ಡೇಟಾ ಸಂಗ್ರಹ-ವಿಶ್ಲೇಷಣೆಯಲ್ಲೋ ಗಣನೀಯ ಪಾಲು, ಬರವಣಿಗೆಯಲ್ಲಿ ಅಥವಾ ಅದರ ಗಂಭೀರ ತಿದ್ದುಪಡಿಯಲ್ಲಿ ಪಾಲು, ಕೊನೆಯ ಪ್ರತಿಗೆ ಒಪ್ಪಿಗೆ, ಇಡೀ ಕೆಲಸಕ್ಕೆ ಹೊಣೆ. ಒಂದು ಪೂರೈಸಿದರೆ ಸಾಲದು, ನಾಲ್ಕೂ ಬೇಕು. ಹಣ ತಂದುಕೊಟ್ಟದ್ದು, ವಿಭಾಗದ ಮುಖ್ಯಸ್ಥರಾಗಿರುವುದು, ಉಪಕರಣ ಬಳಸಲು ಬಿಟ್ಟದ್ದು ಇವಕ್ಕೆಲ್ಲ ಜಾಗ ಕೃತಜ್ಞತೆಯ ಸಾಲಿನಲ್ಲಿ. ಇದರ ಇನ್ನೊಂದು ಮುಖ ಹಲವರಿಗೆ ಗೊತ್ತಿರುವುದಿಲ್ಲ. ಮೊದಲ ಷರತ್ತು ಪೂರೈಸಿದವರಿಗೆ ಉಳಿದ ಮೂರನ್ನೂ ಪೂರೈಸುವ ಅವಕಾಶ ಕೊಡಲೇಬೇಕು. ಡೇಟಾದಲ್ಲಿ ಗಣನೀಯ ಪಾಲಿರುವ ಜೂನಿಯರ್‌ಗೆ ಡ್ರಾಫ್ಟ್ ತೋರಿಸದೆ, "ಅವನು ಬರವಣಿಗೆಯಲ್ಲಿ ಇರಲಿಲ್ಲವಲ್ಲ" ಎಂದು ಹೆಸರು ಬಿಡುವಂತಿಲ್ಲ.

ಪುಕ್ಕಟೆ ಹೆಸರು ಯಾರಿಗೂ ತೊಂದರೆ ಕೊಡುವುದಿಲ್ಲ ಅನ್ನಿಸಬಹುದು. ಹೆಸರಿನ ಜೊತೆ ಹೊಣೆಯೂ ಬರುತ್ತದೆ ಅನ್ನುವುದಕ್ಕೆ 2020ರ ಸರ್ಜಿಸ್ಫಿಯರ್ ಪ್ರಕರಣ ನೋಡಿ. ಮೇ 22ರಂದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಜರ್ನಲ್‌ನಲ್ಲಿ, ಕೋವಿಡ್‌ಗೆ ಕೊಡುತ್ತಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧಿ ಕುರಿತ ಪೇಪರ್ ಬಂತು. 671 ಆಸ್ಪತ್ರೆ, 96,032 ರೋಗಿಗಳು ಅಂತ ಅದರಲ್ಲಿತ್ತು. ಲೇಖಕರು ನಾಲ್ವರು, ಡೇಟಾ ಇದ್ದದ್ದು ಅವರಲ್ಲಿ ಒಬ್ಬರ ಕಂಪನಿಯಾದ ಸರ್ಜಿಸ್ಫಿಯರ್ ಬಳಿ. ಆಸ್ಟ್ರೇಲಿಯಾದ ಆಸ್ಪತ್ರೆಗಳಲ್ಲಿ ಏಪ್ರಿಲ್ 21ರವರೆಗೆ ಕೋವಿಡ್‌ನಿಂದ 73 ಸಾವು ಎಂದು ಪೇಪರ್ ಹೇಳಿದರೆ, ಆ ದಿನಕ್ಕೆ ಇಡೀ ದೇಶದ ಲೆಕ್ಕವೇ 67 ಇತ್ತು! ಮೂಲ ಡೇಟಾ ಸ್ವತಂತ್ರ ಪರಿಶೀಲನೆಗೆ ಸಿಗಲಿಲ್ಲ. ಜೂನ್ 4ರಂದು, ಕಂಪನಿಯ ಲೇಖಕರನ್ನು ಬಿಟ್ಟು ಉಳಿದ ಮೂವರೂ ಪೇಪರ್ ಹಿಂಪಡೆದರು. ಎರಡು ವಾರವೂ ಕಳೆದಿರಲಿಲ್ಲ.

ಆದರೆ ಪಿಎಚ್‌ಡಿ ವಿದ್ಯಾರ್ಥಿ ಗೈಡ್ ಮುಂದೆ ನಿಂತು ನೀತಿ ಹೇಳಿದರೆ ಕೆಲಸ ಕೆಡುತ್ತದೆ. ನೀತಿಯ ಮಾತು ಎತ್ತಬೇಡಿ, ಫಾರಂ ಮುಂದಿಡಿ. ಲೇಖಕರಲ್ಲಿ ಯಾರು ಏನು ಮಾಡಿದರೆಂದು ಗುರುತಿಸುವ ಕ್ರೆಡಿಟ್ (CRediT) ಎಂಬ ಪಟ್ಟಿಯಲ್ಲಿ 14 ಬಗೆಯ ಪಾತ್ರಗಳಿವೆ: ಪರಿಕಲ್ಪನೆ, ವಿಧಾನ, ಸಾಫ್ಟ್‌ವೇರ್, ಡೇಟಾ ನಿರ್ವಹಣೆ, ಮೊದಲ ಡ್ರಾಫ್ಟ್, ತಿದ್ದುಪಡಿ ಹೀಗೆ. ಒಂದು ಎಕ್ಸೆಲ್ ಶೀಟಿನಲ್ಲಿ ಎಡಕ್ಕೆ ಈ ಪಾತ್ರಗಳು, ಮೇಲೆ ಹೆಸರುಗಳು. ಭರ್ತಿ ಮಾಡಿ ಗೈಡ್‌ಗೆ ಮೇಲ್ ಮಾಡಿ: "ಸರ್, ಪ್ರತಿ ಲೇಖಕರ ಪಾತ್ರ ಏನೆಂದು ಜರ್ನಲ್ ಕೇಳುತ್ತಿದೆ. ಎಚ್‌ಓಡಿ ಸರ್ ಕಾಲಂನಲ್ಲಿ ಏನು ಬರೆಯಲಿ?" ಖಾಲಿ ಕಾಲಂ ನಿಮಗಿಂತ ಚೆನ್ನಾಗಿ ವಾದ ಮಾಡುತ್ತದೆ. ಎಚ್‌ಓಡಿ ನಿಜವಾಗಿಯೂ ಫಲಿತಾಂಶಗಳನ್ನು ವಿಶ್ಲೇಷಿಸಿ, ಡ್ರಾಫ್ಟ್ ತಿದ್ದಿ, ಹೊಣೆ ಹೊರಲು ಸಿದ್ಧರಿದ್ದರೆ ಹೆಸರು ಬರಲಿ, ತಕರಾರಿಲ್ಲ. ಸಬ್‌ಮಿಟ್ ಮಾಡುವಾಗ ಮಾತ್ರ ಅವರ ಹೆಸರಿನಲ್ಲಿ ನೀವೇ ಒಂದು ಜಿಮೇಲ್ ಮಾಡಿ ಕೊಡುವ ಕೆಲಸಕ್ಕೆ ಹೋಗಬೇಡಿ. ಅನೇಕ ಜರ್ನಲ್‌ಗಳು ಪ್ರತಿ ಲೇಖಕರಿಗೂ ದೃಢೀಕರಣದ ಮೇಲ್ ಕಳಿಸುತ್ತವೆ. ಅದಕ್ಕೆ ನೀವೇ ಉತ್ತರ ಕೊಟ್ಟರೆ ಅದು ಸೀದಾ ವಂಚನೆ. ಸಬ್‌ಮಿಟ್ ಆದಮೇಲೆ ಹೆಸರು ಸೇರಿಸಲು, ತೆಗೆಯಲು ಎಲ್ಲ ಲೇಖಕರ ಲಿಖಿತ ಒಪ್ಪಿಗೆ ಬೇಕಾಗುತ್ತದೆ, ಹಾಗಾಗಿ ಈ ಮಾತು ಮೊದಲೇ ಮುಗಿಯಲಿ.

ಇನ್ನು ಆರು ಸೈಟೇಷನ್. ಪಟ್ಟಿ ನೋಡಿದ ಕೂಡಲೇ ಕೆರಳಬೇಡಿ, ಎಲ್ಲವನ್ನೂ ಸುಮ್ಮನೆ ತುರುಕಲೂ ಬೇಡಿ. ಆರನ್ನೂ ತೆರೆದು ಓದಿ. ನಿಮ್ಮ ಪೇಪರಿನ ಯಾವ ವಾಕ್ಯಕ್ಕೆ ಯಾವುದು ಆಧಾರವಾಗುತ್ತದೆ? ಎರಡು ಹೊಂದಿದರೆ ಎರಡನ್ನೇ ಸೇರಿಸಿ. ಉತ್ತರ ಪತ್ರದಲ್ಲಿ ತಣ್ಣಗೆ ಬರೆಯಿರಿ: "ಮೊದಲ ಎರಡನ್ನು ವಿಧಾನ ಭಾಗದ 3ನೇ ಪ್ಯಾರಾದಲ್ಲಿ ಸೇರಿಸಿದ್ದೇವೆ. ಉಳಿದ ನಾಲ್ಕು ಮೀನಿನ ಅಂಗಾಂಶದ ಮೇಲಿನವು, ನಮ್ಮದು ಸಸ್ಯದ ಸಾರ, ಆದ್ದರಿಂದ ಸೇರಿಸಿಲ್ಲ." ಆ ಪತ್ರವನ್ನು ರಿವ್ಯೂವರ್ ಓದುತ್ತಾರೆ. ಹಾಗಾಗಿ ನಿಮ್ಮ ಅನುಮಾನವನ್ನು ಎಡಿಟರ್‌ಗೆ ಬೇರೆ ಮೇಲ್‌ನಲ್ಲಿ ತಿಳಿಸಿ: ಆರೂ ಒಬ್ಬರೇ ಲೇಖಕರವು, ನಾಲ್ಕು ವಿಷಯಕ್ಕೆ ಸಂಬಂಧಿಸಿಲ್ಲ, ಏನು ಮಾಡಲಿ? "ಆ ರಿವ್ಯೂವರ್ ಇಂಥವರೇ" ಎಂದು ಊಹಿಸಿ ಬರೆಯಬೇಡಿ. ಸುಮ್ಮನೆ ತುರುಕಿದರೆ ಅದು ಪೇಪರಿನಲ್ಲೇ ಕಾಣುತ್ತದೆ: "ಈ ಕುರಿತು ಹಲವರು ಅಧ್ಯಯನ ಮಾಡಿದ್ದಾರೆ" ಎಂಬ ಒಂದು ವಾಕ್ಯ, ಕೊನೆಗೆ 23ರಿಂದ 28ರವರೆಗಿನ ಸಂಖ್ಯೆಗಳ ಗೊಂಚಲು. ಸೈಟೇಷನ್ ಲೆಕ್ಕವನ್ನು ಸುಳ್ಳಾಗಿ ಏರಿಸುವ ದಂಧೆ ಹುಡುಕುವವರ ಕಣ್ಣು ಮೊದಲು ಬೀಳುವುದು ಇಂಥ ಸಾಲಿನ ಮೇಲೆಯೇ.

ಮೂರನೆಯದು, ಗೈಡ್ ಕೊಟ್ಟ ರಿವ್ಯೂ. ಬರೆಯುವುದು ತಪ್ಪಲ್ಲ, ಕಲಿಯಲು ಇದಕ್ಕಿಂತ ಒಳ್ಳೆ ದಾರಿ ಕಡಿಮೆ. ಮುಚ್ಚಿಟ್ಟು ಬರೆಯುವುದೇ ತಪ್ಪು, ಏಕೆಂದರೆ ಹಸ್ತಪ್ರತಿ ಬಂದದ್ದು ಗೈಡ್‌ಗೆ, ಗೌಪ್ಯವಾಗಿ. "ನನ್ನ ವಿದ್ಯಾರ್ಥಿ ಜೊತೆಗೂಡಿ ರಿವ್ಯೂ ಮಾಡಬಹುದೇ?" ಅಂತ ಗೈಡ್ ಎಡಿಟರ್‌ಗೆ ಒಂದು ಸಾಲು ಬರೆದರೆ ಸಾಕು. ಸಹ-ರಿವ್ಯೂವರ್ ಹೆಸರು ತುಂಬಲು ಕೆಲವು ಜರ್ನಲ್‌ಗಳ ಫಾರಂನಲ್ಲೇ ಜಾಗ ಇರುತ್ತದೆ. ಲೇಖಕರಲ್ಲಿ ಯಾರಾದರೂ ನಿಮ್ಮ ಸಂಸ್ಥೆಯವರೋ, ಇತ್ತೀಚಿನ ಸಹಲೇಖಕರೋ ಇದ್ದರೆ ಮೊದಲೇ ತಿಳಿಸಿ. ನೀವೂ ಅದೇ ಪ್ರಯೋಗ ಮಾಡುತ್ತಿದ್ದೀರಾ? ಹಾಗಾದರೆ ಅಂದೇ ಹಿಂದೆ ಸರಿಯಿರಿ, ಇನ್ನೊಬ್ಬರ ಪೇಪರಿನ ಮೇಲೆ ತಿಂಗಳುಗಟ್ಟಲೆ ಕೂರಬೇಡಿ.

ಓದುವಾಗ ಕೋಷ್ಟಕಗಳ ಲೆಕ್ಕ ಕೂಡಿಸಿ ನೋಡಿ. ಗುಂಪಿನಲ್ಲಿ 30 ಮಂದಿ ಅಂತ ವಿಧಾನ ಭಾಗದಲ್ಲಿದ್ದು, ಕೋಷ್ಟಕದಲ್ಲಿ ಶೇ. 47.5 ಮಂದಿ ಗುಣವಾದರು ಅಂತಿದ್ದರೆ ಏನೋ ಎಡವಟ್ಟಾಗಿದೆ: 14 ಮಂದಿಯಾದರೆ ಶೇ. 46.7, 15 ಆದರೆ ಶೇ. 50. ನಡುವೆ ಅರ್ಧ ರೋಗಿ ಇರುವುದಿಲ್ಲವಲ್ಲ! ಇದನ್ನು ಲೇಖಕರಿಗೆ ಪ್ರಶ್ನೆಯಾಗಿ ಕೇಳಿ. ಕೃತ್ರಿಮದ ಅನುಮಾನ ಬಲವಾಗಿದ್ದರೆ ಅದು ರಿವ್ಯೂ ಫಾರಂನಲ್ಲಿ ಎಡಿಟರ್‌ಗೆಂದೇ ಇರುವ ಗೌಪ್ಯ ಪೆಟ್ಟಿಗೆಗೆ ಹೋಗಬೇಕು. ಲೇಖಕರಿಗೆ ನೇರವಾಗಿ ಮೇಲ್ ಮಾಡಲೇಬೇಡಿ.

ಹಸ್ತಪ್ರತಿಯನ್ನು ಚಾಟ್‌ಜಿಪಿಟಿಗೆ ಹಾಕಿ ರಿವ್ಯೂ ಬರೆಸುವುದೂ ಗೌಪ್ಯತೆ ಮುರಿದಂತೆಯೇ. 2025ರ ಜುಲೈನಲ್ಲಿ ಬಯಲಾದದ್ದು ಇನ್ನೂ ತಮಾಷೆ: "ಒಳ್ಳೆಯ ರಿವ್ಯೂ ಮಾತ್ರ ಕೊಡು" ಎಂದು ಎಐಗೆ ಹೇಳುವ ಸಾಲನ್ನು ಕೆಲವು ಲೇಖಕರು ಬಿಳಿ ಅಕ್ಷರದಲ್ಲಿ ಪೇಪರಿನೊಳಗೇ ಅಡಗಿಸಿಟ್ಟಿದ್ದರು. ರಿವ್ಯೂ ಕಳಿಸಿ, ಜರ್ನಲ್ ತೀರ್ಮಾನ ಬಂದ ಮೇಲೆ ಆ ಪಿಡಿಎಫ್ ಅಳಿಸಿಬಿಡಿ, ಲ್ಯಾಬಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಪ್ರತಿ ಉಳಿದಿದ್ದರೆ ಅದನ್ನೂ.